ಕರೆಂಟಿಲ್ಲದ ಹೊತ್ತಿನ ಚೌಡಯ್ಯ

ಹಂಚಿನ ನಡುವೆ ಕೂರಿಸಿದ ಗಾಜಿನಿಂದ ಇಳಿದ ಬಿಸಿಲುಕೋಲಿನಲ್ಲಿ ನೂಲಿನ ಧೂಳು ತೇಲುತ್ತಿದೆ, ಮೇಲಕ್ಕೆ ಹೋಗಬೇಕೋ ಕೆಳಕ್ಕೆ ಇಳಿಯಬೇಕೋ ಅದಕ್ಕೇ ಗೊತ್ತಿಲ್ಲ, ನನ್ನ ಹಾಗೆಯೇ — ಹದಿನಾರು ಮಗ್ಗಗಳು ಬಾಯಿ ಮುಚ್ಚಿಕೊಂಡು ನಿಂತಿವೆ, ಎರಡಕ್ಕೆ ಹೋದ ಕರೆಂಟು ನಾಲ್ಕಕ್ಕೆ ಬರಬೇಕು, ಈಗ ಎಷ್ಟಾಯಿತೋ, ಗೋಡೆ ಗಡಿಯಾರದ ಮುಖದ ಮೇಲೂ ಧೂಳು — ಚೌಡಯ್ಯನವರು ಕೇಳಿಬಿಟ್ಟರು, ಒಂದು ಚಿಟಿಕೆ ನಶ್ಯ ಏರಿಸಿ, ಮೇಲಿನ ಸಾಲಿನಲ್ಲಿ ಹಲ್ಲೊಂದು ಇಲ್ಲದ ಬಾಯನ್ನು ಅರೆ ತೆರೆದು ಎದುರಿನ ಪೆಟ್ಟಿಗೆಯ ಮೇಲೆ ನನ್ನನ್ನೇ ನೋಡುತ್ತಾ ಕೂತಿದ್ದಾರೆ. ತಾಯಿ ಮುನಿರತ್ನಮ್ಮ, ನಿನ್ನ ಬಾಯಿಂದ ಒಂದು ಮಾತು ಆಚೆ ಬಿದ್ದು, ಅಯ್ಯೋ ಇದನ್ನ ವಾಪಸ್ ತಗೊಳ್ಳೋಕಾಗಲ್ವಲ್ಲಾ ಅಂತ ಯಾವತ್ತಾದ್ರೂ ಅನ್ನಿಸಿದ್ದುಂಟಾ? ಇಷ್ಟೇ. ಹೌದು ಎಂದರೆ ಆಮೇಲೆ ಎನ್ನುತ್ತಾರೆ, ಯಾವ ಮಾತು ಎನ್ನುತ್ತಾರೆ, ಹೇಳಬೇಕಾಗುತ್ತದೆ, ಹೇಳಿದರೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿರುವ ಪೊಲೀಸು ದಫೇದಾರ್ ಬೈಲಪ್ಪ ಬರೆದುಕೊಳ್ಳುತ್ತಾನೆ, ಬರೆದುಕೊಂಡರೆ ಚೌಡಯ್ಯನವರು ಜೈಲಿಗೆ — ಇಲ್ಲ ಎಂದರೆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಬಿದ್ದಿರುವ, ಮೂರನೆಯ ಮಗ್ಗದ ಅಂಜಿನಪ್ಪನ ಲೋಟ ಬೋರಲಾಗಿಯೇ ಇರುತ್ತದೆ. ಇಪ್ಪತ್ತೆರಡು ದಿನದಿಂದ ಬಿದ್ದಿದೆ ಅದು. ಹಾಳಾದ್ದು, ಎಲ್ಲಿ ಕೂತರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ನಾಲ್ಕು ವರ್ಷದಿಂದ ಚೌಡಯ್ಯನವರ ಪ್ರಶ್ನೆಗೆ ಉತ್ತರ ಹೇಳಲು ಈ ಪೆಟ್ಟಿಗೆಯ ಮೇಲೆ ಯಾರು ಯಾರೋ ಕೂತರು, ನಾನು ಕೂರಲಿಲ್ಲ, ನೀನು ಕೂತ್ರೆ ಸಂಜೆಗೆ ಕರೆಂಟು ಬಂದ್ರೂ ನಿಲ್ಲಲ್ಲ ಬಿಡು ಎಂದು ಎಲ್ಲರೂ ನಗುತ್ತಿದ್ದರು, ನನಗೆ ಬೀದಿಯಲ್ಲಿ ಮೈಕ್ ಸೆಟ್ಟು ಎಂದೇ ಹೆಸರು — ನನ್ನೊಬ್ಬಳಿಗೇ ಯಾಕೆ ಇಡಬೇಕಿತ್ತು ಆ ಹೆಸರು, ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬೀದಿಯೇ ಹೀಗೆ, ಬೆಳಗ್ಗೆ ಆರಕ್ಕೆ ಶುರುವಾದರೆ ಮಗ್ಗದ ಸದ್ದು ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿದೆ, ಮದುವೆಯಾಗಿ ಬಂದಾಗ ನನಗೆ ಇಲಿ ಓಡಾಡಿದ್ದೂ ಕೇಳುತ್ತಿತ್ತು, ಈಗ ಪಕ್ಕದಲ್ಲಿ ಬಸ್ಸು ಹಾರನ್ ಹೊಡೆದರೆ ಯಾರೋ ಕರೆದರೇನೋ ಎಂದು ತಿರುಗುತ್ತೇನೆ. ಒಳಗೆ ಮಗ್ಗ ಓಡುವಾಗ ನಾವು ಗಂಟಲನ್ನು ಬಳಸುವುದೇ ಇಲ್ಲ, ತುಟಿ ಆಡಿಸುತ್ತೇವೆ ಅಷ್ಟೆ, ಆ ಗೋಡೆಯಿಂದ ಈ ಗೋಡೆಗೆ ಸೊಸೆ ಬಸುರಿ ಎಂಬ ಸುದ್ದಿಯೂ ಬದನೆಕಾಯಿ ಬೆಲೆಯೂ ತುಟಿಯಿಂದ ಕಣ್ಣಿಗೆ ದಾಟಿಬಿಡುತ್ತವೆ, ಹೊರಗೆ ಬಂದರೆ ಮಾತ್ರ ಕಿರುಚುತ್ತೇವೆ, ಕಿರುಚುತ್ತಿದ್ದೇವೆ ಎಂಬುದೇ ನಮಗೆ ತಿಳಿಯುವುದಿಲ್ಲ. ನೆಂಟರು ಬಂದರೆ ಕೇಳುತ್ತಾರೆ, ಯಾಕ್ರೀ ನಿಮ್ಮನೇಲಿ ಯಾವಾಗ್ಲೂ ಜಗಳ? ಜಗಳ ಅಲ್ಲ ಸ್ವಾಮಿ, ಅನ್ನ ಬಡಿಸ್ಲಾ ಅಂತ ಕೇಳ್ತಿರೋದು. ಇಂಥ ಬೀದಿಯ ಮೇಲೆ ಈ ಪಿಸುಮಾತಿನ ಕಾಲ ಬಂದು ಕೂತಿತು, ಎಮರ್ಜೆನ್ಸಿಯಂತೆ, ಊರೆಲ್ಲ ಪಿಸುಗುಟ್ಟುವುದನ್ನು ಕಲಿತುಬಿಟ್ಟಿತು, ನಮಗೆ ಎಲ್ಲಿಂದ ಬರಬೇಕು ಅದು.

ಚೌಡಯ್ಯನವರು ಬಂದ ವರ್ಷ ನನಗೆ ಚೆನ್ನಾಗಿ ನೆನಪಿದೆ, ಅರವತ್ತೊಂಬತ್ತು, ನಾಟಕದ ಕಂಪನಿ ಮುಚ್ಚಿ, ಒಂದು ಟ್ರಂಕು, ಒಂದು ಕನ್ನಡಿ, ತಲೆಗೆ ಬಳಿದುಕೊಂಡ ಕಪ್ಪು ಬಣ್ಣ — ಆ ಬಣ್ಣ ಇವತ್ತಿಗೂ ಬಿಟ್ಟಿಲ್ಲ ಪುಣ್ಯಾತ್ಮ, ಈಗ ಸೀರೆಗೆ ಹಾಕುವ ಬಣ್ಣವನ್ನೇ ಬಳಿದುಕೊಳ್ಳುತ್ತಾರೆ ಎಂದು ನಮ್ಮ ಗುಮಾನಿ, ಬೆವರಿದರೆ ಕಿವಿಯ ಹಿಂದೆ ಇಳಿಯುತ್ತದೆ — ತಂಗಿಯ ಮನೆಗೆ ಬಂದವರು ನಮ್ಮ ಶೆಡ್ಡಿನ ಯಜಮಾನರು ಕೋದಂಡರಾಮಯ್ಯನವರ ಹತ್ತಿರ ಹಾಸಿನ ಎಳೆ ಕಟ್ಟುವ ಕೆಲಸಕ್ಕೆ ಸೇರಿದರು. ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಹಾಸ್ಯಗಾರ, ರಾಜನ ಆಳು, ಸಾಹುಕಾರನ ಅಡಿಗೆಯವ, ಒದೆ ತಿನ್ನುವ ಪಾತ್ರವೆಲ್ಲ ಅವರದೇ. ಪರದೆಯ ಹಿಂದೆ ಅರಮನೆ ಕಿತ್ತು ಕಾಡು ನಿಲ್ಲಿಸುವವರೆಗೆ ಪರದೆಯ ಮುಂದೆ ನಿಂತು ಜನರನ್ನು ಹಿಡಿದಿಡುವುದು ಅವರ ಕೆಲಸ, ಕಾಡು ನಿಲ್ಲಿಸೋಕೆ ಕೆಲವು ಸಲ ಅರ್ಧ ಗಂಟೆ ಆಗ್ತಿತ್ತಮ್ಮಾ, ಅರ್ಧ ಗಂಟೆ ನಾನೇ ಕೇಳಿ ನಾನೇ ಉತ್ತರ ಹೇಳಿ ನಗಿಸ್ತಿದ್ದೆ, ಒಂದಿನ ಅನ್ನಿಸ್ತು, ಇಷ್ಟು ಜನ ನಗ್ತಾರಲ್ಲ, ಇವರನ್ನ ಕೇಳಿದ್ರೆ ಇವರು ಏನು ಹೇಳ್ತಾರೆ? — ಅದೇ ಶುರು. ಎಪ್ಪತ್ತೆರಡರಿಂದ ಕರೆಂಟು ದಿನಾ ಎರಡು ಗಂಟೆ ಹೋಗತೊಡಗಿತು, ನೂಲು ಸುತ್ತಿದ ಕಂಡಿಕೆ ತುಂಬುವ ಖಾಲಿ ಪೆಟ್ಟಿಗೆ ಎರಡನ್ನು ಬೋರಲು ಹಾಕಿ, ಒಂದರ ಮೇಲೆ ತಾವು, ಇನ್ನೊಂದರ ಮೇಲೆ ಬೀದಿಯ ಯಾರಾದರೂ ಒಬ್ಬರು, ಗುರುವಾರ ಗುರುವಾರ. ಮಗ್ಗ ನಿಂತ ಹೊತ್ತಿನಲ್ಲಿ ಮಾತ್ರ ನಮಗೆ ಮನುಷ್ಯರ ದನಿ ಕೇಳುವುದು. ಆ ಎರಡು ಗಂಟೆ ನಾವೆಲ್ಲ ನೆಲದ ಮೇಲೆ ಕಾಲು ಚಾಚಿ ಕೂತು ಕೇಳುತ್ತಿದ್ದೆವು.

ಏನು ಮಾತು ಅಂತೀರಿ — ಯಾರಿಗೆ ಹೇಳುತ್ತಿದ್ದೇನೆ ನಾನು, ಯಾರೂ ಕೇಳುತ್ತಿಲ್ಲ, ನನ್ನ ತಲೆಯೊಳಗೇ ಕಿರುಚುತ್ತಿದ್ದೇನೆ ಮೈಕ್ ಸೆಟ್ಟು — ಚುನಾವಣೆಯಲ್ಲಿ ಓಟು ಕೇಳಲು ಬಂದ ಚಿಕ್ಕವೆಂಕಟಪ್ಪ ಎಂಬುವನನ್ನು ಕೂರಿಸಿಕೊಂಡಿದ್ದರು ಒಂದು ಸಲ, ಎರಡು ಗಂಟೆ ಒಂದೇ ಒಂದು ಪ್ರಶ್ನೆ, ಆಮೇಲೆ? ರಸ್ತೆ ಹಾಕಿಸ್ತೀವಿ. ಆಮೇಲೆ? ಸ್ಕೂಲು ಕಟ್ಟಿಸ್ತೀವಿ. ಆಮೇಲೆ? ಕೊಳಾಯಿ. ಆಮೇಲೆ? ಆ ಗಂಡಸು ಬೆವರು ಒರೆಸಿಕೊಂಡು ಒರೆಸಿಕೊಂಡು, ಕಡೆಗೆ ಸಾಕಾಗಿ, ಆಮೇಲೆ ಏನಿಲ್ಲ ಚೌಡಯ್ಯ, ಗೆದ್ದಮೇಲೆ ನಾವು ಈ ಕಡೆ ಬರಲ್ಲ ಅಂದುಬಿಟ್ಟ! ಶೆಡ್ಡೇ ಹಾರಿಹೋಗುವಂತೆ ನಕ್ಕೆವು, ಅವನೂ ನಕ್ಕ, ಚೌಡಯ್ಯನವರು ಎದ್ದು ಅವನ ಕೈ ಹಿಡಿದು, ನಿಜ ಹೇಳಿದ್ದಕ್ಕೆ ನನ್ನ ಓಟು ನಿಂಗೆ ಕಣಪ್ಪಾ ಎಂದರು, ಹಾಗೆಯೇ ಹಾಕಿದರಂತೆ ಕೂಡ. ಆಮೇಲೆ ಎನ್ನುವಾಗ ಅವರ ಬಾಯಿ ನೋಡಬೇಕು, ಆ ಎಂದು ತೆರೆದು ಮೇ ಎಂದು ಮುಚ್ಚಿ ಮತ್ತೆ ತೆರೆಯುತ್ತದೆ, ತೆರೆದಾಗ ಇಲ್ಲದ ಹಲ್ಲಿನ ಜಾಗ ಕಾಣಿಸುತ್ತದೆ, ಅಲ್ಲಿಂದಲೇ ಇನ್ನೊಬ್ಬರ ಮಾತು ಒಳಕ್ಕೆ ಹೋಗುತ್ತದೇನೋ ಎನ್ನಿಸುತ್ತದೆ. ಇನ್ನೊಂದು ಸಲ ಕೋದಂಡರಾಮಯ್ಯನವರ ತಾಯಿ ಅಂಜನಮ್ಮನವರು ಕೂತರು, ಅಮಾವಾಸ್ಯೆ ದಿನ ಮಗ್ಗ ಮುಟ್ಟಬಾರದು ಎನ್ನುವವರು ಅವರು, ಚೌಡಯ್ಯನವರು ಅದನ್ನೇ ಎತ್ತಿಕೊಂಡರು, ಅಲ್ಲಾ ಅಂಜನಮ್ಮ, ಅಮಾವಾಸ್ಯೆಗೆ ಮಗ್ಗ ಗೊತ್ತಾಗುತ್ತಾ, ಮಗ್ಗಕ್ಕೆ ಅಮಾವಾಸ್ಯೆ ಗೊತ್ತಾಗುತ್ತಾ — ನಾವು ನಗಲು ಸಿದ್ಧವಾಗಿ ಕೂತಿದ್ದೆವು, ಆ ಮುದುಕಿ ಮೆಲ್ಲಗೆ ಹೇಳತೊಡಗಿತು, ಮೂವತ್ತು ವರ್ಷದ ಹಿಂದೆ ಕೈಮಗ್ಗದ ಗುಂಡಿಗೆ ಬಿದ್ದು ಸತ್ತ ತನ್ನ ಮಗುವಿನ ಸುದ್ದಿ, ಅವತ್ತು ಅಮಾವಾಸ್ಯೆ, ತುರ್ತಿನ ಸೀರೆ, ತಾನು ಬೆನ್ನು ತಿರುಗಿಸಿ ಎಳೆ ಕಟ್ಟುತ್ತಿತ್ತಂತೆ. ಚೌಡಯ್ಯನವರು ತಮ್ಮ ಅಂಗಿಯ ಜೇಬು ಮುಟ್ಟಿಕೊಂಡು ಹೇಳಿದರು, ತಾಯೀ, ಇಲ್ಲೊಂದು ಹಾಸ್ಯ ಇಟ್ಕೊಂಡು ಬಂದಿದ್ದೆ, ಹೇಳಲ್ಲ, ತಪ್ಪಾಯ್ತು, ನೀವು ಅಮಾವಾಸ್ಯೆ ಆಚರಿಸಿ, ನಾನೂ ಅವತ್ತು ಮಗ್ಗ ಮುಟ್ಟಲ್ಲ. ನಗಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ, ಬಾಯಿಗೆ ಬಂದ ಹಾಸ್ಯವನ್ನು ನುಂಗಿಕೊಂಡವರನ್ನು ಇವರೊಬ್ಬರನ್ನೇ ಕಂಡದ್ದು.

ಆ ಲೋಟಗಳ ಸಾಲು ಪೂರ್ತಿಯಾದದ್ದೂ ಅವರಿಂದಲೇ. ಕಟ್ಟೆಯ ಮೇಲೆ ಗಡಿಗೆ, ಗಡಿಗೆಯ ಪಕ್ಕ ಕೆಲಸದವರ ಲೋಟಗಳು, ಎಲ್ಲರದಕ್ಕೂ ಒಂದೊಂದು ಗುರುತು, ನನ್ನದಕ್ಕೆ ನಗ್ಗು, ಅಂಜಿನಪ್ಪನದಕ್ಕೆ ಮೂರು ಚುಕ್ಕೆ, ಅವನದು ಮೂರನೆಯ ಮಗ್ಗ — ಮಗ್ಗದ ಪಿಕ್ಕರು ಹೊಲಿದುಕೊಡುವ ಮುನಿವೆಂಕಟಪ್ಪನಿಗೆ ಮಾತ್ರ ಅಲ್ಲಿ ಲೋಟವಿರಲಿಲ್ಲ, ಅವನು ಹೊರಗೆ ಚರಂಡಿಯ ಈಚೆ ನಿಂತು ಕೈಯೊಡ್ಡುತ್ತಿದ್ದ, ಮೇಲಿನಿಂದ ನೀರು ಹುಯ್ಯುತ್ತಿದ್ದೆವು, ನಾನೂ ಹುಯ್ದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅವನನ್ನು ಒಂದು ಗುರುವಾರ ಒಳಕ್ಕೆ ಕರೆದು ಈ ಪೆಟ್ಟಿಗೆಯ ಮೇಲೇ ಕೂರಿಸಿದರು. ಏನಪ್ಪಾ ಮುನಿವೆಂಕಟಪ್ಪ, ಸೀರೆ ನೇಯೋರು ಯಾರು? ನೀವೇ ಸ್ವಾಮಿ. ಲಾಳಿ ಓಡಿಸೋರು ಯಾರು? ಕರೆಂಟು ಸ್ವಾಮಿ. ಕರೆಂಟು ಲಾಳೀನ ಮುಟ್ಟುತ್ತಾ? ಇಲ್ಲ ಸ್ವಾಮಿ, ಚರ್ಮದ ಪಿಕ್ಕರು ಒದೀಬೇಕು. ಆ ಚರ್ಮ ಯಾರು ಹದ ಮಾಡಿದ್ದು? ಮುನಿವೆಂಕಟಪ್ಪ ತಲೆ ತಗ್ಗಿಸಿದ, ಆಮೇಲೆ ಎತ್ತಿದ. ನಿಮಿಷಕ್ಕೆ ನೂರು ಸಲ ನನ್ನ ಚರ್ಮ ಒದ್ರೇನೇ ನಿಮ್ಮ ಸೀರೆ ಆಗೋದು ಸ್ವಾಮಿ, ಆ ಸೀರೆ ಉಟ್ಕೊಂಡು ನೀವು ಗುಡಿಗೆ ಹೋಗ್ತೀರಿ, ನಾನು ಚರಂಡಿ ದಾಟಂಗಿಲ್ಲ ಎಂದ. ಅಂಜನಮ್ಮನವರು ಶೆಡ್ಡು ತೊಳೆಸಬೇಕು ಎಂದು ಎದ್ದರು, ಆಗಲಿ ತಾಯಿ ತೊಳೆಸಿ, ಹಂಗೇ ಹದಿನಾರು ಮಗ್ಗದಿಂದಲೂ ಪಿಕ್ಕರು ಬಿಚ್ಚಿ ಆಚೆ ಬಿಸಾಕಿಬಿಡಿ, ಒಳಗೆಲ್ಲ ಅವನ ಕೈಯೇ ಕೂತಿದೆ ಎಂದರು ಚೌಡಯ್ಯನವರು, ಮುದುಕಿ ನಿಂತಲ್ಲೇ ನಿಂತಿತು, ಹೂಂ ಎಂದಿತು, ಮಾರನೆಯ ದಿನ ತಾನೇ ಒಂದು ಲೋಟ ತಂದು ಸಾಲಿನ ಕೊನೆಯಲ್ಲಿಟ್ಟಿತು. ಒಂದು ಲೋಟವನ್ನು ಹಾಗೆ ಸೇರಿಸಿಕೊಂಡ ಬೀದಿಯೇ ಇವತ್ತು ಇನ್ನೊಂದನ್ನು ಬೋರಲು ಹಾಕಿ ಕೂತಿದೆ, ನನ್ನಿಂದ.

ಅಂಜಿನಪ್ಪ ಸೂಲಿಬೆಲೆಯ ಕಡೆಯವನು, ಹತ್ತು ವರ್ಷದಿಂದ ಇಲ್ಲೇ ಮಗ್ಗ ಓಡಿಸುತ್ತಾನೆ, ತಾಯಿಯಿಲ್ಲ ತಂದೆಯಿಲ್ಲ, ತ್ಯಾಮಗೊಂಡ್ಲುವಿನಲ್ಲಿ ಹೆಣ್ಣು ಗೊತ್ತಾಗಿತ್ತು, ವೈಶಾಖಕ್ಕೆ ಮದುವೆ. ಹೆಣ್ಣಿನವರ ಮನೆಗೆ ಹೋಗಿಬರುತ್ತೇನೆಂದು ಹೋದವನನ್ನು ನೆಲಮಂಗಲದ ದಾರಿಯಲ್ಲಿ ಯಾರೋ ಜೀಪಿಗೆ ಹತ್ತಿಸಿಕೊಂಡರು, ಅದ್ಯಾವುದೋ ಮಕ್ಕಳಾಗದ ಹಾಗೆ ಆಪರೇಷನ್ ಮಾಡುವ ಶಿಬಿರ, ಎಣಿಕೆಗೆ ಜನ ಕಡಿಮೆ ಬಿದ್ದಿತ್ತಂತೆ, ಮದ್ವೆ ಆಗಿಲ್ಲ ಸ್ವಾಮಿ ಅಂತ ಹೇಳ್ದೆ, ಹೇಳ್ದೆ, ಹೇಳ್ತಾನೇ ಇದ್ದೆ ಎಂದ. ಹೆಣ್ಣಿನವರಿಗೆ ಗೊತ್ತಾಯಿತು, ತಾಂಬೂಲ ವಾಪಸ್ಸು ಬಂತು. ತಿಂಗಳ ಹಿಂದಿನ ಆ ಗುರುವಾರ ಇದೇ ಪೆಟ್ಟಿಗೆಯ ಮೇಲೆ ಕೂತು ಎರಡು ಗಂಟೆ ಹೇಳಿದ, ಚೌಡಯ್ಯನವರು ಆತುರ ಮಾಡಲಿಲ್ಲ, ಅವರಷ್ಟು ಚೆನ್ನಾಗಿ ಕಾಯುವವರನ್ನು ನಾನು ನೋಡಿಲ್ಲ, ಪರದೆಯ ಹಿಂದೆ ಕಾಡು ನಿಲ್ಲುವವರೆಗೆ ಕಾದ ಅಭ್ಯಾಸ. ಆ ಹೆಣ್ಣಿನ ಹೆಸರೇನಪ್ಪಾ? ಹೇಳಿದ. ಅವಳಿಗೆ ಏನು ತಗೊಂಡು ಹೋಗಿದ್ದೆ? ನಾನೇ ನೇಯ್ದಿದ್ದ ಸೀರೆ ಅಣ್ಣಾ, ಜೀಪಲ್ಲೇ ಬಿಟ್ಟೋಯ್ತು ಎಂದು ಅತ್ತ, ಗಂಡಸರೆಲ್ಲ ಅತ್ತರು. ಕರೆಂಟು ಬರುವ ಹೊತ್ತಿಗೆ ಚೌಡಯ್ಯನವರು ಅವನ ಮಂಡಿಯ ಮೇಲೆ ಕೈಯಿಟ್ಟು ಹೇಳಿದರು, ಹುಟ್ಟೋಕೆ ಮುಂಚೆನೇ ಮಕ್ಕಳನ್ನ ಒಳಗೆ ಹಾಕೋ ಸರ್ಕಾರ ಕಣಪ್ಪಾ ಇದು, ಹುಟ್ಟಿ ಓಡಾಡ್ತಿರೋ ನಮ್ಮನ್ನ ಇನ್ನೂ ಹೊರಗೆ ಬಿಟ್ಟಿದ್ಯಲ್ಲ, ದೊಡ್ಡ ಮನಸ್ಸು ಅದರದ್ದು. ಮೊದಲು ನಕ್ಕವನು ಅಂಜಿನಪ್ಪನೇ. ಮೂರು ವಾರದ ಮೇಲೆ ಅವನು ನಕ್ಕದ್ದು ಅದು, ಕಣ್ಣೀರು ಇಳಿಯುತ್ತಲೇ ಇತ್ತು, ನಗುತ್ತಲೇ ಇದ್ದ.

ಆ ಮಾತನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಂಡೆ, ಎರಡು ದಿನ, ಮೂರನೆಯ ದಿನ ಪೇಟೆಯ ಸೀಮೆಎಣ್ಣೆಯ ಸಾಲಿನಲ್ಲಿ ನನ್ನ ಮುಂದೆ ಆ ಕಡೆಯೇ ಮನೆಯಿರುವ ನಾದಿನಿ ರುಕ್ಮಿಣಮ್ಮ ನಿಂತಿದ್ದಳು, ನಿಮ್ಮ ಚೌಡಯ್ಯ ಈ ವಾರ ಏನಂದ್ರೇ ಎಂದಳು, ನಿಮ್ಮ ಚೌಡಯ್ಯ ಎಂದಳಲ್ಲ, ನನಗೆ ಎಷ್ಟು ಜಂಬ ಬಂತು, ಯಾರೂ ಹೇಳದ ಮಾತನ್ನು ಹೇಳುವ ಗಂಡಸು ನಮ್ಮ ಶೆಡ್ಡಿನವರು, ನಾನು ಅವರ ಕಾಲ ಬಳಿ ಕೂತು ಕೇಳಿದವಳು — ಅವಳ ಕಿವಿಗೆ ಬಾಯಿಟ್ಟು, ದೇವರಾಣೆ, ಪಿಸುಗುಟ್ಟುತ್ತಿದ್ದೇನೆ ಎಂದೇ ತಿಳಿದಿದ್ದೆ, ಸೆರಗನ್ನು ಬೇರೆ ಬಾಯಿಗೆ ಅಡ್ಡ ಹಿಡಿದಿದ್ದೆ, ಹುಟ್ಟೋಕೆ ಮುಂಚೆನೇ ಮಕ್ಕಳನ್ನ — ಪೂರ್ತಿ ಹೇಳಿ ಮುಗಿಸಿ ತಲೆ ಎತ್ತುತ್ತೇನೆ, ಸಾಲಿಗೆ ಸಾಲೇ ತಿರುಗಿ ನಿಂತಿದೆ, ಅಂಗಡಿಯವನ ಕೈಯ ಅಳತೆಯ ಡಬ್ಬಿ ಗಾಳಿಯಲ್ಲೇ ನಿಂತಿದೆ, ಎಣ್ಣೆ ಅವನ ಕಾಲ ಮೇಲೆ ಸುರಿಯುತ್ತಿದೆ. ತಾಲ್ಲೂಕು ಕಚೇರಿಯ ಗುಮಾಸ್ತ ಆದಿನಾರಾಯಣಪ್ಪ ನಾಲ್ಕು ಜನದ ಹಿಂದೆ ನಿಂತಿದ್ದ, ಅವನು ನಗಲಿಲ್ಲ, ಯಾರಮ್ಮಾ ಹೇಳಿದ್ದು ಇದನ್ನ ಎಂದು ತುಂಬ ಮರ್ಯಾದೆಯಿಂದ ಕೇಳಿದ. ನಾನು ಉತ್ತರ ಕೊಡುವ ಅಗತ್ಯವೇ ಇರಲಿಲ್ಲ, ನಮ್ಮ ಚೌಡಯ್ಯ ಹೇಳಿದ್ದು ಕೇಳೇ ಎಂದೇ ನಾನು ಶುರು ಮಾಡಿದ್ದೆನಲ್ಲ. ಖಾಲಿ ಡಬ್ಬಿ ಹಿಡಿದು ಮನೆಗೆ ಬಂದೆ.

ಮಾರನೆಯ ದಿನ ಅವರನ್ನು ಠಾಣೆಗೆ ಕರೆದರು, ಬೆಳಗ್ಗೆ ಹೋದವರು ಸಂಜೆ ಬಂದರು, ಬಂದವರೇ ನಕ್ಕು ನಗಿಸಿ ಹೇಳಿದರು — ನೀನು ಸರ್ಕಾರದ ಮೇಲೆ ಒಂದು ಮಾತು ಆಡಿದೀಯಂತೆ ಅಂದ್ರು, ನಾನು ದಿನಾ ಸಾವಿರ ಮಾತಾಡ್ತೀನಿ ಸ್ವಾಮಿ, ಯಾವುದು ಅಂತ ನೀವೇ ಒಂದು ಸಲ ಹೇಳಿಬಿಡಿ, ನಂದೋ ಅಲ್ವೋ ಹೇಳ್ತೀನಿ ಅಂದೆ, ಅವರು ಇವರ ಮುಖ ನೋಡಿದ್ರು, ಇವರು ಅವರ ಮುಖ ನೋಡಿದ್ರು, ಒಬ್ಬರಿಗೂ ಆ ಮಾತು ಬಾಯಲ್ಲಿ ಆಡೋ ಧೈರ್ಯ ಇಲ್ಲ! ಸಂಜೆವರೆಗೆ ಕೂರಿಸ್ಕೊಂಡಿದ್ದು ಬಿಟ್ರು. ನಕ್ಕೆವು, ಆದರೆ ಅವರ ಚಿಟಿಕೆಯ ನಶ್ಯ ಅರ್ಧ ಚೆಲ್ಲಿತು, ನಾನು ನೋಡಿದೆ. ಆ ಮಾತನ್ನು ನೇರ ಕೇಳಿದ ಬೀದಿಯ ಒಬ್ಬರು ಬಾಯಿಬಿಟ್ಟು ಸಾಕ್ಷಿ ಹೇಳಿದರೆ ಸಾಕಂತೆ, ಚೌಡಯ್ಯನವರು ಮತ್ತೆ ಮನೆಗೆ ಬರುವ ಹಾಗಿಲ್ಲವಂತೆ, ಅಂದಿನಿಂದ ಗುರುವಾರ ಗುರುವಾರ ಈ ಬೈಲಪ್ಪ ಪುಸ್ತಕ ಹಿಡಿದು ಬಂದು ಕೂರುತ್ತಾನೆ. ಎಣ್ಣೆ ಸಾಲಿನಲ್ಲಿ ನಮ್ಮ ಬೀದಿಯವಳು ನಾನೊಬ್ಬಳೇ ಇದ್ದದ್ದು, ಯಾರೋ ಚಾಡಿ ಹೇಳಿದಾರೆ ಎಂದು ಬೀದಿ ಹುಡುಕತೊಡಗಿತು, ಹುಡುಕಿದರೆ ಸಿಕ್ಕವನು ಅಂಜಿನಪ್ಪ, ಅದೇ ವಾರ ಅವನು ಆದಿನಾರಾಯಣಪ್ಪನ ಜೊತೆ ಹೋಟೆಲಿನಲ್ಲಿ ಟೀ ಕುಡಿಯುವುದನ್ನು ಕಂಡವರಿದ್ದರು — ಅವನು ಹೋದದ್ದು, ಈ ಆಪರೇಷನ್ ತಪ್ಪಿನಿಂದ ಆದದ್ದು ಎಂದು ಒಂದು ಕಾಗದ ಬರೆಸಿಕೊಡಿ ಸ್ವಾಮಿ, ಹೆಣ್ಣಿನವರಿಗೆ ತೋರಿಸ್ತೀನಿ ಎಂದು ಕೇಳಲಿಕ್ಕೆ. ಯಾರು ನಂಬುತ್ತಾರೆ. ಉಂಡ ಮನೆಗೆ ಎರಡು ಬಗೆದ ಎಂದರು, ಅವನ ಕೈಗೆ ಕಂಡಿಕೆ ಕೊಡದೆ ಮಗ್ಗದ ಮೇಲೆ ಎಸೆದರು, ಇನ್ನು ಇವನಿಗೆ ಇಲ್ಲಿ ನೀರಿಲ್ಲ ಎಂದು ಲೋಟವನ್ನು ಬೋರಲು ಹಾಕಿದವರು ಅಂಜನಮ್ಮನವರು, ಮಗು ಕಳೆದುಕೊಂಡ ಆ ಮುದುಕಿಯೇ. ಚೌಡಯ್ಯನವರು ಮನೆ ಮನೆಗೆ ಹೋಗಿ ಹೇಳಿದರು, ಅವನಲ್ಲ ಕಣ್ರಪ್ಪಾ, ಅವನಲ್ಲ. ನೀವು ದೊಡ್ಡ ಮನುಷ್ಯರು, ಹಂಗೇ ಅಂತೀರಿ ಎಂದರು ಎಲ್ಲರೂ. ನಾನು ಅಲ್ಲೇ ಇದ್ದೆ. ಇಪ್ಪತ್ತೆರಡು ದಿನ ಮಗ್ಗ ಓಡಿವೆ, ದಿನಕ್ಕೆ ಹತ್ತು ಗಂಟೆ ಸದ್ದು, ತುಟಿ ಆಡಿಸಿದ್ದರೆ ಸಾಕಿತ್ತು, ಆಡಿಸಲಿಲ್ಲ, ಹೆದರಿದೆ, ಚೌಡಯ್ಯನವರ ಮುಂದೆ ಸಣ್ಣವಳಾಗುತ್ತೇನೆ ಎಂದು ಹೆದರಿದೆ, ಥೂ ನನ್ನ ಜನ್ಮಕ್ಕೆ.

ಈಗ ಅವರ ಬಾಯಿ ಇನ್ನೂ ಹಾಗೇ ಇದೆ, ಅರೆ ತೆರೆದು, ಕಾಯುತ್ತಾ — ಗೊತ್ತು ಇವರಿಗೆ, ನನ್ನದೇ ಎಂದು ಗೊತ್ತು, ಸೀಮೆಎಣ್ಣೆ ಸಾಲಿನ ಸುದ್ದಿ ಯಾವತ್ತೋ ಮುಟ್ಟಿರಬೇಕು, ಗೊತ್ತಿದ್ದೂ ಒಂದು ದಿನ ನನ್ನನ್ನು ಓರೆಗಣ್ಣಿನಿಂದ ನೋಡಲಿಲ್ಲ, ನನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ, ಅಂಜಿನಪ್ಪನಿಗಾಗಿ ಕಷ್ಟಪಟ್ಟರೇ ಹೊರತು ನನ್ನನ್ನು ಬೀದಿಗೆ ಬಿಡಲಿಲ್ಲ, ಇವತ್ತು ತಾನೇ ಜೈಲಿಗೆ ಹೋದರೂ ಸರಿ, ಇವಳೇ ಹೇಳಲಿ, ಇವಳ ಬಾಯಿಂದಲೇ ಬರಲಿ ಎಂದು ಕರೆದು ಕೂರಿಸಿದ್ದಾರೆ. ಇಂಥವರ ಮಾತನ್ನು ಎಣ್ಣೆ ಸಾಲಿನಲ್ಲಿ ಚೆಲ್ಲಿದೆನಲ್ಲ. ಬೈಲಪ್ಪ ಪೆನ್ಸಿಲ್ಲಿನ ತುದಿ ನೆಕ್ಕುತ್ತಿದ್ದಾನೆ, ಯಾಕಮ್ಮಾ ಸುಮ್ಮನಾಗ್ಬಿಟ್ರಿ, ಹೇಳಿ, ಹೇಳಿ ಎನ್ನುತ್ತಾನೆ, ಮೂರನೆಯ ಮಗ್ಗದ ಹತ್ತಿರ ಅಂಜಿನಪ್ಪ ನೆಲ ನೋಡುತ್ತಾ ನಿಂತಿದ್ದಾನೆ, ಅಂಜನಮ್ಮನವರು ಅವನಿಗೆ ಬೆನ್ನು ಮಾಡಿ ಕೂತಿದ್ದಾರೆ. ಉಂಟು ಎನ್ನುತ್ತೇನೆ, ಉಂಟು ಚೌಡಯ್ಯನೋರೇ, ಒಂದು ಸಲ ಆಗಿದೆ. ಅಷ್ಟೇ ಹೊರಗೆ ಬಂದದ್ದು. ಪೆನ್ಸಿಲ್ಲು ಪುಸ್ತಕಕ್ಕೆ ಇಳಿಯಿತು, ಚೌಡಯ್ಯನವರ ಬಾಯಿ ತೆರೆಯಿತು, ಆಮೇಲೆ?

ಬಲ್ಬು — ಬೋರ್ಡಿನ ಮೇಲಿನ ಬಲ್ಬು ಕೆಂಪಗಾಯಿತು, ಹಳದಿಯಾಯಿತು, ಕರೆಂಟು ಬಂತು, ಪ್ರತಿ ಸಲ ಇವರು ಕರೆಂಟು ಬಂತು, ಪರದೆ ಬಿತ್ತು ಎಂದು ಎದ್ದುಬಿಡುತ್ತಾರೆ, ಇವತ್ತು ಏಳಲಿಲ್ಲ, ಯಾರೂ ಏಳಲಿಲ್ಲ, ಮಗ್ಗಕ್ಕೆ ಕೈ ಹಾಕಿದವನು ಅಂಜಿನಪ್ಪನೊಬ್ಬನೇ, ಅವನಿಗೆ ಈ ಮಾತುಕತೆಯಲ್ಲಿ ಈಗ ಜಾಗವಿಲ್ಲವಲ್ಲ, ಹಿಡಿ ಎಳೆದ, ನನ್ನ ಅಂಗಾಲಿಗೆ ನೆಲ ಅದುರಿತು, ಅದು ಮೂರನೆಯದು, ಕಿವಿಗಿಂತ ಮೊದಲು ನನಗೆ ಅಂಗಾಲಿನಲ್ಲಿ ಕೇಳುತ್ತದೆ — ಅಭ್ಯಾಸದ ಕಾಲುಗಳು ಎದ್ದವು, ನಾಲ್ಕನೆಯದು, ಏಳನೆಯದು, ಹದಿನಾರೂ. ಬೈಲಪ್ಪ ಎದ್ದು ಬಾಯಿ ತೆರೆದ, ನಿಲ್ಸಿ, ನಿಲ್ಸ್ರೀ ಎನ್ನುತ್ತಿದ್ದಾನೆ, ದನಿ ಅವನಿಗೇ ಕೇಳುತ್ತಿಲ್ಲ, ನೊಣಕ್ಕೂ ಹೆದರುವ ನಮ್ಮ ಶೆಡ್ಡಿನ ಯಜಮಾನರು ಕೋದಂಡರಾಮಯ್ಯನವರು ಕೈ ಮುಗಿದು ಗೋಡೆಯ ಕಡೆ ತೋರಿಸುತ್ತಿದ್ದಾರೆ, ಗೋಡೆಯ ಮೇಲೆ ಸರ್ಕಾರದವರೇ ಬಂದು ಬರೆಸಿಹೋದ ದಪ್ಪಕ್ಷರ, ಮಾತು ಕಡಿಮೆ ದುಡಿಮೆ ಹೆಚ್ಚು, ಬೈಲಪ್ಪ ಓದಿದ, ಕೂತ. ಚೌಡಯ್ಯನವರು ಅದಾವುದನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ದನಿಯಿಲ್ಲದ ಬಾಯಿ ತೆರೆದು ಮುಚ್ಚಿ ತೆರೆಯಿತು, ಆಮೇಲೆ? ನಾನು ಪೆಟ್ಟಿಗೆಯ ಮೇಲೆ ಮಗ್ಗಗಳ ಕಡೆ ತಿರುಗಿದೆ, ಗಂಟಲನ್ನು ಬಿಗಿಹಿಡಿದೆ, ಜನ್ಮದಲ್ಲಿ ಮೊದಲ ಸಲ ಒಂದು ಎಳೆ ದನಿಯೂ ಹೊರಡದಂತೆ ತುಟಿ ಆಡಿಸಿದೆ. ನಾನೇ. ಎಣ್ಣೆ ಸಾಲಲ್ಲಿ ಹೇಳಿದ್ದು ನಾನೇ. ಅಂಜಿನಪ್ಪ ಅಲ್ಲ. ಇನ್ನೊಂದು ಸಲ ಹೇಳಿದೆ. ಹದಿನಾರು ಮಗ್ಗದ ಮೇಲಿನ ತಲೆಗಳು ಒಂದೊಂದಾಗಿ ಎದ್ದವು, ಯಾರದೋ ಎಳೆ ತುಂಡಾಯಿತು, ಅಂಜನಮ್ಮನವರ ಕೈ ಬಾಯಿಗೆ ಹೋಯಿತು, ಬೈಲಪ್ಪ ಎರಡು ಹೆಜ್ಜೆಯ ದೂರದಲ್ಲಿ ಕಿವಿಗೆ ಅಂಗೈ ಹಿಡಿದು ನನ್ನ ಬೆನ್ನು ನೋಡುತ್ತಾ ಕೂತಿದ್ದಾನೆ, ಬೀದಿಗೆ ಬೀದಿಯೇ ಕೇಳಿದೆ, ಅವನೊಬ್ಬನಿಗೆ ಕೇಳಿಲ್ಲ. ಇನ್ನೂ ಒಬ್ಬನಿಗೆ ಕೇಳಿಲ್ಲ. ಅಂಜಿನಪ್ಪ ತಲೆ ಎತ್ತಲಿಲ್ಲ, ಓಡುವ ಬಟ್ಟೆಯನ್ನೇ ನೋಡುತ್ತಿದ್ದಾನೆ, ಇಪ್ಪತ್ತೆರಡು ದಿನದಿಂದ ಅವನು ಯಾರ ತುಟಿಯನ್ನೂ ನೋಡುವುದನ್ನು ಬಿಟ್ಟಿದ್ದಾನೆ.

ಚೌಡಯ್ಯನವರ ಕಡೆ ತಿರುಗಿದೆ, ಆಯಿತಲ್ಲ, ಹೇಳಿದೆನಲ್ಲ, ಸಾಕಲ್ಲವೇ — ಅವರ ಕಣ್ಣು ಒದ್ದೆ, ಕಿವಿಯ ಹಿಂದೆ ಕಪ್ಪು ಬಣ್ಣ ಇಳಿದಿದೆ, ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು, ಅವರ ಬಾಯಿ ಮತ್ತೆ ತೆರೆದು ಮುಚ್ಚಿ ತೆರೆಯಿತು, ಹಲ್ಲಿಲ್ಲದ ಆ ಜಾಗ, ಆಮೇಲೆ? ಎದ್ದೆ. ಕಿಟಕಿಯ ಕಟ್ಟೆಗೆ ಹೋದೆ, ಮೂರು ಚುಕ್ಕೆಯ ಲೋಟ, ಎತ್ತಿದೆ, ಕೆಳಗೆ ಧೂಳಿಲ್ಲದ ಒಂದು ದುಂಡು ಗುರುತು, ಸುತ್ತ ಇಪ್ಪತ್ತೆರಡು ದಿನದ ಬಿಳಿ ನವಿರು, ಸೆರಗಿನಲ್ಲಿ ಒರೆಸಿದೆ, ಗಡಿಗೆಯಿಂದ ತುಂಬಿಸಿದೆ, ನಡೆದೆ, ನಾಲ್ಕನೆಯ ಮಗ್ಗ ದಾಟಿ ಮೂರನೆಯದರ ಮುಂದೆ ನಿಂತೆ, ಅವನ ಕಣ್ಣು ಬಟ್ಟೆಯಿಂದ ಮೇಲೆ ಬರಲಿಲ್ಲ, ಬಟ್ಟೆಯ ಮೇಲೆ ಲೋಟ ಹಿಡಿದೆ, ಕಾಣದೆ ಎಲ್ಲಿ ಹೋಗುತ್ತದೆ, ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ — ಅವನು ಲೋಟ ನೋಡಿದ, ನನ್ನ ಕೈ ನೋಡಿದ, ಆಮೇಲೆ ನನ್ನ ತುಟಿ ನೋಡಿದ, ನಾನೇ ಕಣಪ್ಪಾ, ನಾನೇ ಎಂದೆ, ಅವನ ಮುಖದಲ್ಲಿ ಏನೂ ಬರಲಿಲ್ಲ, ಕೋಪವೂ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಚೆನ್ನಾಗಿತ್ತು, ಅವನ ಕೈ ಹಿಡಿಯ ಮೇಲಿದೆ, ಅಂಗಾಲಿಗೆ ಗೊತ್ತಾಯಿತು, ಮೂರನೆಯ ಮಗ್ಗ ನಿಂತಿತು, ಉಳಿದ ಹದಿನೈದು ಓಡುತ್ತಿವೆ, ನೆಲ ಅದುರುತ್ತಿದೆ, ಲೋಟ ನನ್ನ ಕೈಯಲ್ಲಿದೆ, ಮೂರು ಚುಕ್ಕೆ ಅವನ ಕಡೆಗಿವೆ, ನೀರು ಅದುರುತ್ತಿದೆ, ಅವನ ಕೈ ಇನ್ನೂ ಬಂದಿಲ್ಲ, ಲೋಟ, ನೀರು ಅದುರುತ್ತಿದೆ, ಲೋಟ